ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಮತ್ತು ಲೆನ್ಸ್: ನೋಡಿ ಕೊಳ್ಳುವುದು, ಜೋಪಾನ ಮಾಡುವುದು, ಮತ್ತೆ ಮಾರುವುದು

"ಮೂವತ್ತು ಸಾವಿರ ಇದೆ, ಹಳೇ ಡಿಎಸ್‌ಎಲ್‌ಆರ್ ತಗೊಳ್ಳಲಾ?" "ಶಟರ್ ಕೌಂಟ್ ಎಂಬತ್ತು ಸಾವಿರ ಅಂತಾರೆ, ಜಾಸ್ತಿ ಆಯ್ತಾ?" "ಲೆನ್ಸ್ ಒಳಗೆ ಏನೋ ಎಳೆ ಎಳೆಯಾಗಿ ಕಾಣಿಸ್ತಿದೆ, ಪರವಾಗಿಲ್ವಾ?" ಓದುಗರಿಂದ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಬ್ಬೊಬ್ಬರಿಗೂ ಬಿಡಿಯಾಗಿ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಇಟ್ಟಿದ್ದೇನೆ.

ಹಳೆಯದನ್ನು ಕೊಳ್ಳಲು ಇದು ಒಳ್ಳೆಯ ಕಾಲ. ಡಿಎಸ್‌ಎಲ್‌ಆರ್ ಅಂದರೆ ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ. ಆ ಕನ್ನಡಿ ಇಲ್ಲದ್ದು ಮಿರರ್‌ಲೆಸ್. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೊಸ ಮೌಂಟ್, ಅಂದರೆ ಲೆನ್ಸ್ ಕೂರುವ ಬಳೆ, ತಂದವು. ಆಮೇಲೆ ಮದುವೆ ಫೋಟೋ ತೆಗೆಯುವವರು, ಸ್ಟುಡಿಯೋದವರು ಒಬ್ಬೊಬ್ಬರಾಗಿ ಆ ಕಡೆ ಹೋಗುತ್ತಿದ್ದಾರೆ. ಅವರು ಬಿಡುತ್ತಿರುವ ಡಿಎಸ್‌ಎಲ್‌ಆರ್‌ಗಳು, ಅವುಗಳ ಲೆನ್ಸ್‌ಗಳು ಈಗ ಕೈಗೆಟಕುವ ಬೆಲೆಗೆ ಸಿಗುತ್ತಿವೆ. ಕೊಳ್ಳುವಾಗ ಒಂದು ಮಾತು ನೆನಪಿರಲಿ. ದುಡ್ಡು ಹಾಕುವುದಿದ್ದರೆ ಲೆನ್ಸ್ ಮೇಲೆ ಹಾಕಿ, ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಮೇಲಲ್ಲ. ಬಾಡಿಯ ಬೆಲೆ ವರ್ಷ ವರ್ಷ ಇಳಿಯುತ್ತದೆ. ಒಳ್ಳೆಯ ಲೆನ್ಸ್‌ನ ಬೆಲೆ ಅಷ್ಟು ಬೇಗ ಇಳಿಯುವುದಿಲ್ಲ. ಆ ಲೆನ್ಸನ್ನು ಹಾಳು ಮಾಡುವುದು ಸಾಮಾನ್ಯವಾಗಿ ಬಳಕೆಯಲ್ಲ, ನಮ್ಮ ತೇವದ ಹವೆ. ಹಾಗಾಗಿ ಈ ಲೇಖನದಲ್ಲಿ ಲೆನ್ಸ್ ನೋಡುವ ಭಾಗವೇ ಉದ್ದವಾಗಿದೆ.

ಹಂತ 1: ಮೌಂಟ್ ಯಾವುದು ಅಂತ ತೀರ್ಮಾನಿಸಿ

ಲೆನ್ಸ್ ಬಾಡಿಗೆ ಸೇರುವ ಲೋಹದ ಬಳೆಯೇ ಮೌಂಟ್. ಒಂದು ಕಂಪನಿಯ ಲೆನ್ಸ್ ಇನ್ನೊಂದು ಕಂಪನಿಯ ಬಾಡಿಗೆ ಕೂರುವುದಿಲ್ಲ. ಅಷ್ಟೇ ಅಲ್ಲ, ಒಂದೇ ಕಂಪನಿಯ ಲೆನ್ಸ್ ಅದೇ ಕಂಪನಿಯ ಎಲ್ಲ ಬಾಡಿಗೂ ಕೂರುವುದಿಲ್ಲ. ಹೆಚ್ಚು ಜನ ಎಡವುವುದು ಇಲ್ಲೇ.

ಕ್ಯಾನನ್ ಡಿಎಸ್‌ಎಲ್‌ಆರ್‌ಗಳದು 1987ರಲ್ಲಿ ಬಂದ ಇಎಫ್ ಮೌಂಟ್. ಲೆನ್ಸ್ ಮೇಲೆ ಇಎಫ್ ಅಂತ ಇದ್ದರೆ ಎಲ್ಲ ಕ್ಯಾನನ್ ಡಿಎಸ್‌ಎಲ್‌ಆರ್‌ಗೂ ಆಗುತ್ತದೆ. ಇಎಫ್-ಎಸ್ ಅಂತ ಇದ್ದರೆ ಸಣ್ಣ ಸೆನ್ಸರ್‌ನ (ಚಿತ್ರ ಹಿಡಿಯುವ ಚಿಪ್) ಬಾಡಿಗಳಿಗೆ ಮಾತ್ರ. 6ಡಿ, 5ಡಿ ತರಹದ ಫುಲ್ ಫ್ರೇಮ್ ಬಾಡಿಗೆ ಅದು ಕೂರುವುದೇ ಇಲ್ಲ. ಫುಲ್ ಫ್ರೇಮ್ ಅಂದರೆ ಹಳೆಯ 35 ಎಂಎಂ ಫಿಲ್ಮ್‌ನಷ್ಟೇ, ಅಂದರೆ 36 × 24 ಮಿಲಿಮೀಟರ್ ಅಳತೆಯ ಸೆನ್ಸರ್.

ನಿಕಾನ್‌ನ ಎಫ್ ಮೌಂಟ್ 1959ರಿಂದ ಇದೆ. ಅದರಲ್ಲಿರುವ ತೊಡಕು ಬೇರೆ. ಹಳೆಯ ಎಎಫ್-ಡಿ ಲೆನ್ಸ್‌ಗಳಲ್ಲಿ ಫೋಕಸ್ ಮೋಟಾರ್ ಇಲ್ಲ, ಅವನ್ನು ಬಾಡಿಯ ಮೋಟಾರ್ ತಿರುಗಿಸಬೇಕು. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಆ ಮೋಟಾರೇ ಇಲ್ಲ. ಡಿ90, ಡಿ7000 ಸಾಲು, ಡಿ750 ಇವುಗಳಲ್ಲಿ ಇದೆ. ಡಿ5300 ಇಟ್ಟುಕೊಂಡು "ಕಮ್ಮಿ ಬೆಲೆಗೆ ಸಿಕ್ತು" ಅಂತ 50 ಎಂಎಂ ಎಎಫ್-ಡಿ ಲೆನ್ಸ್ ತಂದರೆ ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ. ಅಂಥ ಬಾಡಿ ಇದ್ದವರು ಎಎಫ್-ಎಸ್ ಅಂತ ಬರೆದ ಲೆನ್ಸನ್ನೇ ನೋಡಿ. ಎಎಫ್-ಪಿ ಅಂತ ಬರೆದವು ಹಳೆಯ ಕೆಲವು ಬಾಡಿಗಳಲ್ಲಿ ಫೋಕಸ್ ಆಗುವುದಿಲ್ಲ. ಮುಂದೆ ಜೆಡ್ ಮೌಂಟ್‌ನ ಮಿರರ್‌ಲೆಸ್ ಕೊಳ್ಳುವ ಯೋಚನೆ ಇದ್ದರೆ ಇನ್ನೊಂದು ವಿಷಯ ಗೊತ್ತಿರಲಿ. ಎಫ್ ಮೌಂಟ್ ಲೆನ್ಸನ್ನು ಜೆಡ್ ಬಾಡಿಗೆ ಕೂರಿಸುವ ನಿಕಾನ್‌ನ ಎಫ್‌ಟಿಜೆಡ್ ಅಡಾಪ್ಟರ್‌ನಲ್ಲೂ ಮೋಟಾರ್ ಇಲ್ಲ. ಕ್ಯಾನನ್ ಕಡೆ ಈ ತಾಪತ್ರಯ ಇಲ್ಲ. ಕಂಪನಿಯದೇ ಅಡಾಪ್ಟರ್ ಹಾಕಿದರೆ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಆರ್‌ಎಫ್ ಮೌಂಟ್‌ನ ಮಿರರ್‌ಲೆಸ್ ಬಾಡಿಯಲ್ಲಿ ಆಟೋಫೋಕಸ್ ಸಮೇತ ಚೆನ್ನಾಗಿ ಕೆಲಸ ಮಾಡುತ್ತವೆ.

ಹಂತ 2: ಬೆಲೆ ಅಂದಾಜು ಮಾಡಿ

ಜನ ಕೇಳುವ ಬೆಲೆ ಬೇರೆ, ವ್ಯಾಪಾರ ಕುದುರುವ ಬೆಲೆ ಬೇರೆ. ಓಎಲ್‌ಎಕ್ಸ್‌ನಲ್ಲೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೋ ಅದೇ ಮಾಡೆಲ್ ಹುಡುಕಿ ಒಂದೆರಡು ವಾರ ಗಮನಿಸಿ. ಬೇಗ ಮಾಯವಾಗುವ ಜಾಹೀರಾತುಗಳ ಬೆಲೆ ಸರಿ ಇದೆ ಅಂತ ಅರ್ಥ. ತಿಂಗಳುಗಟ್ಟಲೆ ಅಲ್ಲೇ ಇದ್ದರೆ ಬೆಲೆ ಜಾಸ್ತಿ ಆಯಿತು ಅಂತ. ಅಂಗಡಿಯಲ್ಲಿ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ, ಆದರೆ ಬಿಲ್ ಸಿಗುತ್ತದೆ, ಕೆಲವರು ಕೆಲವು ದಿನದ ಗ್ಯಾರಂಟಿಯನ್ನೂ ಕೊಡುತ್ತಾರೆ. ಮೊದಲ ಸಲ ಕೊಳ್ಳುವವರು ಅಂಗಡಿಗೆ ಹೋಗುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್, ಬ್ಯಾಗ್, ಟ್ರೈಪಾಡ್, ಫಿಲ್ಟರ್ ಎಲ್ಲ ಸೇರಿಸಿ "ಫುಲ್ ಸೆಟ್" ಅಂತ ಮಾರುವವರು ಬಹಳ. ಬಾಡಿ ಮತ್ತು ಮುಖ್ಯ ಲೆನ್ಸ್ ಎರಡರ ಬೆಲೆ ಮಾತ್ರ ಲೆಕ್ಕ ಹಾಕಿ. ಮಿಕ್ಕದ್ದು ಇದ್ದರೆ ಸಂತೋಷ, ಅದಕ್ಕೆ ಅಂತ ದುಡ್ಡು ಕೊಡಬೇಡಿ.

ಹಂತ 3: ನೋಡಲು ಹೋಗುವಾಗ ಇವು ಕೈಯಲ್ಲಿರಲಿ

ಒಂದು ಚಿಕ್ಕ, ಬೆಳಕು ಜೋರಾಗಿರುವ ಎಲ್‌ಇಡಿ ಟಾರ್ಚ್. ನಿಮ್ಮದೇ ಮೆಮೊರಿ ಕಾರ್ಡ್. ಸಾಧ್ಯವಾದರೆ ಲ್ಯಾಪ್‌ಟಾಪ್. ಲೆನ್ಸ್ ಮಾತ್ರ ಕೊಳ್ಳುತ್ತಿದ್ದರೆ ನಿಮ್ಮ ಬಾಡಿ, ತುಂಬಾ ಚಾರ್ಜ್ ಮಾಡಿದ ಬ್ಯಾಟರಿ ಸಮೇತ.

ಹಗಲಲ್ಲೇ ಭೇಟಿಯಾಗಿ. ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷದಲ್ಲಿ ಮುಗಿಸೋಣ ಅನ್ನುವವರ ಹತ್ತಿರ ವ್ಯಾಪಾರ ಬೇಡ. ಕೂತು ನೋಡಲು ಅರ್ಧ ಗಂಟೆ ಬೇಕು ಅಂತ ಫೋನಿನಲ್ಲೇ ಹೇಳಿಬಿಡಿ. ಸರಿಯಾದ ಮಾಲು ಇಟ್ಟುಕೊಂಡವರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಂತ 4: ಲೆನ್ಸ್ ಪರೀಕ್ಷೆ

ಎರಡೂ ಕ್ಯಾಪ್ ತೆಗೆಯಿರಿ. ಮೊದಲು ಅಪರ್ಚರ್ ಪೂರ್ತಿ ತೆರೆದಿರಬೇಕು. ಅಪರ್ಚರ್ ಅಂದರೆ ಲೆನ್ಸ್ ಒಳಗೆ ಬೆಳಕಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ತೆಳು ಎಲೆಗಳ ಜೋಡಣೆ. ಕ್ಯಾನನ್ ಇಎಫ್ ಲೆನ್ಸ್ ಬಾಡಿಯಿಂದ ತೆಗೆದಾಗ ಅದು ತೆರೆದೇ ಇರುತ್ತದೆ. ಹೆಸರಿನಲ್ಲಿ ಜಿ ಅಂತ ಇರುವ ನಿಕಾನ್ ಲೆನ್ಸ್‌ನಲ್ಲಿ ಮುಚ್ಚಿಕೊಂಡಿರುತ್ತದೆ. ಹಿಂಭಾಗದ ಸಣ್ಣ ಲೋಹದ ಕಡ್ಡಿಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ಹಿಡಿದರೆ ತೆರೆಯುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಮುಚ್ಚಿದ ಎಲೆಗಳನ್ನೇ ನೋಡಿ "ಕ್ಲೀನ್ ಇದೆ" ಅಂದುಕೊಂಡು ಬರುತ್ತಾರೆ.

ಈಗ ಹಿಂದಿನಿಂದ ಟಾರ್ಚ್ ಬಿಡಿ. ನೇರವಾಗಿ ಅಲ್ಲ, ಓರೆಯಾಗಿ. ಮುಂದಿನಿಂದ ನೋಡುತ್ತಾ ಲೆನ್ಸನ್ನು ನಿಧಾನವಾಗಿ ತಿರುಗಿಸಿ. ಆಮೇಲೆ ಟಾರ್ಚ್ ಮುಂದೆ, ಕಣ್ಣು ಹಿಂದೆ. ಜೂಮ್ ಲೆನ್ಸ್ ಆದರೆ ಎರಡು ತುದಿಯಲ್ಲೂ ಹೀಗೆ ನೋಡಿ, ಯಾಕೆಂದರೆ ಜೂಮ್ ಮಾಡಿದಾಗ ಒಳಗಿನ ಗಾಜು ಜಾಗ ಬದಲಿಸುತ್ತದೆ. ಕಾಣುವುದು ಈ ನಾಲ್ಕರಲ್ಲಿ ಒಂದು.

ಧೂಳಿನ ಕಣಗಳು. ಹೊಸ ಲೆನ್ಸ್‌ನಲ್ಲೂ ಇರುತ್ತವೆ. ಫೋಟೋದಲ್ಲಿ ಕಾಣುವುದಿಲ್ಲ. ಇದಕ್ಕಾಗಿ ಒಳ್ಳೆಯ ಲೆನ್ಸ್ ಬಿಡಬೇಡಿ.

ಫಂಗಸ್. ಜೇಡರ ಬಲೆಯ ಎಳೆಗಳಂತೆ, ಕವಲು ಕವಲಾಗಿ ಹರಡಿರುತ್ತದೆ. ಸಾಮಾನ್ಯವಾಗಿ ಅಂಚಿನಿಂದ ಶುರುವಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕರಾವಳಿಯಿಂದ, ತೀರ್ಥಹಳ್ಳಿ, ಸಾಗರ, ಮಡಿಕೇರಿ ಕಡೆಯಿಂದ ಬಂದ ಲೆನ್ಸ್ ಆದರೆ ಎರಡು ಪಟ್ಟು ಎಚ್ಚರಿಕೆಯಿಂದ ನೋಡಿ. ಬೆಂಗಳೂರಿನದ್ದು ಅಂತ ನಿರಾಳವಾಗಿಯೂ ಇರಬೇಡಿ. ವರ್ಷಗಟ್ಟಲೆ ಬ್ಯಾಗಿನಲ್ಲೇ ಮುಚ್ಚಿಟ್ಟ ಲೆನ್ಸ್ ಯಾವ ಊರಿನದ್ದಾದರೂ ಫಂಗಸ್ ಹಿಡಿಯಬಹುದು. ಫಂಗಸ್ ಹೊಸದಾಗಿದ್ದರೆ ಬಿಚ್ಚಿ ಒರೆಸಿ ತೆಗೆಯಬಹುದು. ಹಳೆಯದಾದರೆ ಗಾಜಿನ ಮೇಲಿನ ಲೇಪವನ್ನೇ ತಿಂದಿರುತ್ತದೆ. ಒರೆಸಿದ ಮೇಲೂ ಗುರುತು ಉಳಿಯುತ್ತದೆ. "ಸರ್ವೀಸ್ ಮಾಡಿಸಿದರೆ ಹೋಗುತ್ತೆ" ಅಂತ ಮಾರುವವರು ಹೇಳಿದರೆ, "ಹಾಗಾದರೆ ನೀವೇ ಮಾಡಿಸಿ ಕೊಡಿ" ಅನ್ನಿ. ನನ್ನ ಸಲಹೆ ಕೇಳಿದರೆ, ಕಲಿಯುವವರು ಫಂಗಸ್ ಇರುವ ಲೆನ್ಸನ್ನು ಯಾವ ಬೆಲೆಗೂ ಕೊಳ್ಳಬೇಡಿ.

ಹೇಜ್. ಟಾರ್ಚ್ ಬೆಳಕಿಗೆ ಇಡೀ ಗಾಜು ಮಂಜು ಕವಿದಂತೆ ಬೆಳ್ಳಗೆ ಹೊಳೆಯುತ್ತದೆ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಎದುರು ಬಿಸಿಲಿದ್ದಾಗ ಫೋಟೋ ಸಪ್ಪೆಯಾಗುತ್ತದೆ.

ಅಂಟು ಬಿಡುವುದು. ಎರಡು ಗಾಜುಗಳನ್ನು ಅಂಟಿಸಿದ ಕಡೆ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಬಳೆ ಕಾಣುತ್ತದೆ. ಇದರ ರಿಪೇರಿ ಕಷ್ಟ, ಖರ್ಚೂ ಹೆಚ್ಚು. ಬಿಟ್ಟುಬಿಡಿ.

ಗೀರುಗಳ ವಿಷಯ. ಮುಂದಿನ ಗಾಜಿನ ಒಂದೆರಡು ಸಣ್ಣ ಗೀರು ಫೋಟೋಗೆ ಅಷ್ಟೇನೂ ತೊಂದರೆ ಮಾಡುವುದಿಲ್ಲ. ಅದನ್ನು ತೋರಿಸಿ ಚೌಕಾಸಿ ಮಾಡಬಹುದು. ಹಿಂದಿನ ಗಾಜಿನ ಗೀರು ಮಾತ್ರ ಬೇಡ, ಅದು ಸೆನ್ಸರ್‌ಗೆ ಹತ್ತಿರ ಇರುವುದರಿಂದ ಪರಿಣಾಮ ಜಾಸ್ತಿ.

ಇನ್ನು ಯಂತ್ರದ ಭಾಗ. ಜೂಮ್ ರಿಂಗ್, ಫೋಕಸ್ ರಿಂಗ್ ಎಲ್ಲೂ ತಡೆಯದೆ, ಮರಳು ಉಜ್ಜಿದ ಸದ್ದು ಬಾರದೆ ತಿರುಗಬೇಕು. ಮೌಂಟ್‌ನ ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಯಾಕೆ ಬಿಚ್ಚಿದರು ಅಂತ ಕೇಳಿ. ಮುಂದಿನ ಫಿಲ್ಟರ್ ರಿಂಗ್ ನೆಗ್ಗಿದ್ದರೆ ಲೆನ್ಸ್ ಬಿದ್ದಿದೆ. ಕ್ಯಾಮೆರಾಗೆ ಹಾಕಿ ಅಪರ್ಚರ್ ಎಫ್ 8 ಇಟ್ಟು (ಎಫ್ ಸಂಖ್ಯೆ ದೊಡ್ಡದಾದಷ್ಟೂ ದಾರಿ ಕಿರಿದು), ಬಾಡಿಯಲ್ಲಿ ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್, ಅಂದರೆ ಎಲೆಗಳನ್ನು ಮುಚ್ಚಿ ತೋರಿಸುವ ಬಟನ್ ಇದ್ದರೆ ಅದನ್ನು ಒತ್ತಿ ಮುಂದಿನಿಂದ ನೋಡಿ. ಎಲೆಗಳು ಥಟ್ ಅಂತ ಮುಚ್ಚಿ ತೆರೆಯಬೇಕು. ನಿಧಾನವಾಗಿ ಚಲಿಸಿದರೆ ಅವುಗಳ ಮೇಲೆ ಎಣ್ಣೆ ಹತ್ತಿದೆ.

ಬಿದ್ದ ಲೆನ್ಸ್ ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಗೋಡೆಗೆ ನಾಲ್ಕು ನ್ಯೂಸ್‌ಪೇಪರ್ ಹಾಳೆ ಅಂಟಿಸಿ, ಚೌಕಟ್ಟಿನ ನಾಲ್ಕು ಮೂಲೆಗೆ ಒಂದೊಂದು ಬರುವಂತೆ. ಗೋಡೆಗೆ ಎದುರಾಗಿ ನೇರ ನಿಂತು ಅಪರ್ಚರ್ ಪೂರ್ತಿ ತೆರೆದು ತೆಗೆಯಿರಿ. ನಾಲ್ಕೂ ಮೂಲೆ ಸ್ವಲ್ಪ ಮಸುಕಾಗಿದ್ದರೆ ಚಿಂತೆ ಇಲ್ಲ, ಅದು ಲೆನ್ಸ್‌ನ ಗುಣ. ಮೂರು ಮೂಲೆ ಚೆನ್ನಾಗಿದ್ದು ಒಂದು ಮಾತ್ರ ತೀರಾ ಮಸುಕಾಗಿದ್ದರೆ ಒಳಗಿನ ಗಾಜು ವಾಲಿದೆ. ಕ್ಯಾಮೆರಾ ಓರೆ ಹಿಡಿದರೂ ಹೀಗೇ ಬರುತ್ತದೆ, ಆದ್ದರಿಂದ ಮೂರ್ನಾಲ್ಕು ಸಲ ತೆಗೆದು ನೋಡಿಯೇ ನಿರ್ಧರಿಸಿ.

ಹಂತ 5: ಬಾಡಿ ಪರೀಕ್ಷೆ

ಎಲ್ಲರೂ ಕೇಳುವುದು ಶಟರ್ ಕೌಂಟ್. ಕ್ಯಾಮೆರಾದ ಶಟರ್, ಅಂದರೆ ಸೆನ್ಸರ್ ಮುಂದೆ ತೆರೆದು ಮುಚ್ಚುವ ಪರದೆ, ಇದುವರೆಗೆ ಎಷ್ಟು ಸಲ ಬಡಿದಿದೆ ಅನ್ನುವ ಲೆಕ್ಕ ಅದು. ನಿಕಾನ್‌ನಲ್ಲಿ, ತಿದ್ದದ ಒಂದು ಫೋಟೋ ಫೈಲ್‌ನಲ್ಲೇ ಈ ಸಂಖ್ಯೆ ಅಡಗಿರುತ್ತದೆ. ಅದನ್ನು ಓದಿ ತೋರಿಸುವ ವೆಬ್‌ಸೈಟ್‌ಗಳಿವೆ. ಕ್ಯಾನನ್‌ನ ಹೆಚ್ಚಿನ ಮಾಡೆಲ್‌ಗಳಲ್ಲಿ ಫೈಲ್‌ನಿಂದ ಸಿಗುವುದಿಲ್ಲ, ಕೇಬಲ್ ಹಾಕಿ ಲ್ಯಾಪ್‌ಟಾಪ್‌ನ ಸಾಫ್ಟ್‌ವೇರ್‌ನಿಂದ ನೋಡಬೇಕು.

ಇಲ್ಲಿ ಎರಡು ಮೋಸ ನಡೆಯುತ್ತವೆ. ನಿಕಾನ್ ಮೆನುವಿನ ಬ್ಯಾಟರಿ ಮಾಹಿತಿಯಲ್ಲಿ ಕಾಣುವ ಫೋಟೋ ಸಂಖ್ಯೆಯನ್ನು ಶಟರ್ ಕೌಂಟ್ ಅಂತ ತೋರಿಸುತ್ತಾರೆ. ಅದು ಕೊನೆಯ ಸಲ ಚಾರ್ಜ್ ಮಾಡಿದ ಮೇಲೆ ತೆಗೆದ ಫೋಟೋಗಳ ಲೆಕ್ಕ ಮಾತ್ರ. ಇನ್ನೊಂದು, ಫೈಲ್ ಹೆಸರಿನ ಸಂಖ್ಯೆ. ಅದು 9999 ಮುಟ್ಟಿದ ಮೇಲೆ ಮತ್ತೆ ಒಂದರಿಂದ ಶುರುವಾಗುತ್ತದೆ.

ಕಂಪನಿಗಳು ಪರೀಕ್ಷೆ ಮಾಡಿ ಹೇಳಿದ ಸಂಖ್ಯೆಗಳು ಹೀಗಿವೆ: ಕ್ಯಾನನ್ 6ಡಿ 1 ಲಕ್ಷ, 5ಡಿ ಮಾರ್ಕ್ 3 ಮತ್ತು ನಿಕಾನ್ ಡಿ750 ಒಂದೂವರೆ ಲಕ್ಷ, ಡಿ850 2 ಲಕ್ಷ. ಆ ಸಂಖ್ಯೆ ದಾಟಿದ ದಿನವೇ ಕ್ಯಾಮೆರಾ ಸಾಯುತ್ತದೆ ಅಂತ ಅಲ್ಲ. ಅದಕ್ಕಿಂತ ಎಷ್ಟೋ ಮುಂದೆ ಹೋದವೂ ಇವೆ, ಮೊದಲೇ ಕೆಟ್ಟವೂ ಇವೆ. ಎಂಬತ್ತು ಸಾವಿರ ಅಂತ ಕೇಳಿದವರಿಗೆ ನನ್ನ ಉತ್ತರ: ಡಿ750ಗೆ ಪರವಾಗಿಲ್ಲ, 6ಡಿಗೆ ಬೆಲೆ ಇಳಿಸಿ ಕೇಳಿ. ಆದರೆ ಶಟರ್ ಕೌಂಟ್ ಕಮ್ಮಿ ಇದ್ದ ಮಾತ್ರಕ್ಕೆ ಕ್ಯಾಮೆರಾ ಕಮ್ಮಿ ದುಡಿದಿದೆ ಅಂತಲೂ ಅಲ್ಲ. ಗಂಟೆಗಟ್ಟಲೆ ಮಾಡಿದ ವಿಡಿಯೋ ಈ ಲೆಕ್ಕಕ್ಕೆ ಬರುವುದಿಲ್ಲ. ಮದುವೆ ವಿಡಿಯೋಗೆ ಬಳಸಿದ ಬಾಡಿಯ ಕೌಂಟ್ ಹದಿನೈದು ಸಾವಿರ ಇರಬಹುದು, ಸೆನ್ಸರ್ ಮಾತ್ರ ಸಾವಿರಾರು ಗಂಟೆ ಬಿಸಿಯಾಗಿರುತ್ತದೆ. ಎಚ್‌ಡಿಎಂಐ ಕಿಂಡಿ ಸಡಿಲವಾಗಿದೆಯಾ, ಅಡಿಯಲ್ಲಿ ಟ್ರೈಪಾಡ್ ಸ್ಕ್ರೂ ಕೂರುವ ತೂತು ಸವೆದಿದೆಯಾ ನೋಡಿ, ಗೊತ್ತಾಗುತ್ತದೆ.

ಸೆನ್ಸರ್ ನೋಡಲು ಎಫ್ 16 ಅಥವಾ 22 ಇಟ್ಟು, ಫೋಕಸ್ ಬಿಟ್ಟು, ಬಿಳಿ ಗೋಡೆಯನ್ನೋ ಆಕಾಶವನ್ನೋ ತೆಗೆಯಿರಿ. ಸಣ್ಣ ಕಪ್ಪು ಚುಕ್ಕೆಗಳು ಧೂಳು, ಕ್ಲೀನ್ ಮಾಡಿಸಬಹುದು. ಗೆರೆ ಕಂಡರೆ ಸೆನ್ಸರ್ ಮೇಲೆ ಗೀರು, ಬಿಟ್ಟು ಬನ್ನಿ. 2012ರಲ್ಲಿ ಬಂದ ನಿಕಾನ್ ಡಿ600ರಲ್ಲಿ ಸೆನ್ಸರ್ ಮೇಲೆ ಧೂಳು, ಎಣ್ಣೆ ಸೇರುವ ದೂರು ಎಷ್ಟಾಯಿತೆಂದರೆ ಕಂಪನಿಯೇ ಶಟರ್ ಬದಲಿಸಿ ಕೊಟ್ಟಿತು. ಆ ಮಾಡೆಲ್ ಕೊಳ್ಳುವವರು ಆ ಸರ್ವೀಸ್ ಆಗಿದೆಯಾ ಅಂತ ಕೇಳಿಯೇ ಮುಂದುವರಿಯಿರಿ.

ಉಳಿದದ್ದು ಬೇಗ ಮುಗಿಯುತ್ತದೆ. ಪ್ರತಿ ಬಟನ್ ಒತ್ತಿ, ಪ್ರತಿ ಡಯಲ್ ತಿರುಗಿಸಿ, ಎರಡೂ ಕಾರ್ಡ್ ಕಿಂಡಿಗೆ ಕಾರ್ಡ್ ಹಾಕಿ ಬರೆಸಿ, ಫ್ಲಾಶ್ ಹಾರಿಸಿ. ಬ್ಯಾಟರಿ ಗೂಡಿನಲ್ಲಿ ಹಸಿರು ಕಲೆ ಅಥವಾ ಸ್ಕ್ರೂಗಳಲ್ಲಿ ತುಕ್ಕು ಇದ್ದರೆ ನೀರು ಹೊಕ್ಕಿದೆ. ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಅಂಥದ್ದು ಬೇಡ.

ಹಂತ 6: ಕಾಗದ ಮತ್ತು ಹಣ

ಬಿಲ್ ಕೇಳಿ. ಬಾಡಿಯ ಅಡಿಯಲ್ಲಿ, ಲೆನ್ಸ್‌ನ ಮೇಲೆ ಇರುವ ಸೀರಿಯಲ್ ನಂಬರ್ ಬಿಲ್‌ನ ನಂಬರ್‌ಗೆ, ಡಬ್ಬಿಯ ನಂಬರ್‌ಗೆ ತಾಳೆಯಾಗಬೇಕು. ಬಿಲ್ ಕಳೆದಿದ್ದರೆ ಮಾರುವವರ ಗುರುತಿನ ಚೀಟಿಯ ಪ್ರತಿ ಮತ್ತು ಸಹಿ ಹಾಕಿದ ಒಂದು ರಸೀದಿಯಾದರೂ ಬೇಕು. ಕದ್ದ ಮಾಲು ಅಂತ ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣ ಇದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ. ನಂಬರ್ ಕೆರೆದು ಅಳಿಸಿದ್ದರೆ ಅಲ್ಲಿಂದ ಎದ್ದು ಬನ್ನಿ.

ಮುಂಗಡ ಕಳಿಸಬೇಡಿ. "ನಾನು ಮಿಲಿಟರಿಯಲ್ಲಿದ್ದೇನೆ, ವರ್ಗ ಆಗಿದೆ, ಕೊರಿಯರ್ ದುಡ್ಡು ಮಾತ್ರ ಹಾಕಿ" ಅಂತ ಐಡಿ ಕಾರ್ಡ್ ಫೋಟೋ ಕಳಿಸುವವರು ಮೋಸಗಾರರು. ವಂಚನೆ ಆಗಿಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಹಂತ 7: ಮನೆಯಲ್ಲಿ ಇಡುವುದು

ತೇವಾಂಶ ಶೇಕಡಾ 60 ದಾಟಿ ಹಾಗೇ ಇದ್ದರೆ ಫಂಗಸ್‌ಗೆ ಹಬ್ಬ. 40ರಿಂದ 50ರೊಳಗೆ ಇಟ್ಟರೆ ಸಾಕು. ತೀರಾ ಒಣಗಿಸುವುದೂ ಬೇಡ, ಒಳಗಿನ ಜಿಡ್ಡು ಗಟ್ಟಿಯಾಗುತ್ತದೆ. ನಾಲ್ಕೈದು ಲೆನ್ಸ್ ಇದ್ದವರು ಡ್ರೈ ಕ್ಯಾಬಿನೆಟ್ ಕೊಳ್ಳಿ. ಕರೆಂಟಿನಿಂದ ನಡೆಯುವ, ತೇವ ಹಿಡಿತದಲ್ಲಿಡುವ ಪೆಟ್ಟಿಗೆ ಅದು. ಒಂದೆರಡು ಲೆನ್ಸ್ ಇದ್ದವರಿಗೆ ಅಡುಗೆಮನೆಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ಚಿಕ್ಕ ಹೈಗ್ರೋಮೀಟರ್ ಅಂದರೆ ತೇವ ಅಳೆಯುವ ಮೀಟರ್ ಸಾಕು. ಜೆಲ್ ನೀಲಿಯಿಂದ ಗುಲಾಬಿಗೆ ಅಥವಾ ಕಿತ್ತಳೆಯಿಂದ ಹಸಿರಿಗೆ ತಿರುಗಿದರೆ ತೇವ ತುಂಬಿದೆ ಅಂತ ಅರ್ಥ. ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ಅಡುಗೆ ಪಾತ್ರೆಯಲ್ಲಿ ಮಾತ್ರ ಹುರಿಯಬೇಡಿ.

ಚರ್ಮದ ಕೇಸ್‌ನಲ್ಲಿ ಇಡುವ ಅಭ್ಯಾಸ ಬಿಡಿ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಲೆನ್ಸ್ ಹೊರಗೆ ತೆಗೆದು ಬಳಸಿ.

ಹಂತ 8: ಸಂಗ್ರಹ ಮಾಡುವ ಆಸೆ ಇದ್ದರೆ

ಕಣ್ಣಿಗೆ ಬಿದ್ದದ್ದನ್ನೆಲ್ಲ ತಂದರೆ ಕಪಾಟು ತುಂಬುತ್ತದೆ ಅಷ್ಟೇ. ಒಂದು ಮೌಂಟ್ ಹಿಡಿದುಕೊಳ್ಳಿ, ಅಥವಾ ಒಂದು ಕಾಲ. ಶುರುಮಾಡಲು ಪೂರ್ತಿ ಮೆಕ್ಯಾನಿಕಲ್ ಕ್ಯಾಮೆರಾ ಒಳ್ಳೆಯದು. 1976ರಿಂದ 1997ರವರೆಗೆ ಬಂದ ಪೆಂಟಾಕ್ಸ್ ಕೆ1000, 1982ರಲ್ಲಿ ಬಂದ ನಿಕಾನ್ ಎಫ್‌ಎಂ2 ಇವುಗಳಲ್ಲಿ ಬ್ಯಾಟರಿ ಬೇಕಿರುವುದು ಬೆಳಕಿನ ಮೀಟರ್‌ಗೆ ಮಾತ್ರ. ಬ್ಯಾಟರಿ ಸತ್ತರೂ ಶಟರ್ ನಡೆಯುತ್ತದೆ. ಕ್ಯಾನನ್ ಎಇ-1 ಹಾಗಲ್ಲ, ಬ್ಯಾಟರಿ ಇಲ್ಲದಿದ್ದರೆ ಶಟರ್ ಬಡಿಯುವುದೇ ಇಲ್ಲ. ಬೆಂಗಳೂರಿನ ಚಿಕ್ಕಪೇಟೆ ಸುತ್ತ ಸೇರುವ ಸಂಡೇ ಬಜಾರ್‌ನಂಥ ಕಡೆ ಹಳೆಯ ಕ್ಯಾಮೆರಾ ನೋಡುವವರು ಒಂದು ಹೊಸ ಬ್ಯಾಟರಿ ಜೇಬಿನಲ್ಲಿಟ್ಟುಕೊಂಡೇ ಹೋಗಿ.

ಹಿಂದಿನ ಬಾಗಿಲು ತೆರೆದು ಅಂಚಿನ ಕಪ್ಪು ಸ್ಪಂಜು ಮುಟ್ಟಿ. ಅಂಟಂಟಾಗಿ ಕೈಗೆ ಹತ್ತಿದರೆ ಬೆಳಕು ಸೋರುತ್ತದೆ. ಹೊಸದು ಹಾಕಿಸುವುದು ಸುಲಭ, ಬೆಲೆ ಮಾತ್ರ ಇಳಿಸಿ ಕೇಳಿ. ಶಟರ್ ಸ್ಪೀಡ್ 1 ಸೆಕೆಂಡಿಗೆ ಇಟ್ಟು ಬಡಿದು ನೋಡಿ. ನಿಧಾನದ ಸ್ಪೀಡ್‌ಗಳು ಮೊದಲು ಕೈಕೊಡುತ್ತವೆ. 60, 70ರ ದಶಕದ ಎಷ್ಟೋ ಕ್ಯಾಮೆರಾಗಳ ಮೀಟರ್ 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಮಾಡಿದ್ದು. ಅದು ಈಗ ಸಿಗುವುದಿಲ್ಲ. 1.5 ವೋಲ್ಟಿನದು ಹಾಕಿದರೆ ಮೀಟರ್ ತಪ್ಪು ತೋರಿಸಬಹುದು.

ನಮ್ಮ ಹಳೆಯ ಮನೆಗಳ ಅಟ್ಟದಲ್ಲಿ ಸಿಗುವ ಅಗ್ಫಾ ಕ್ಲಿಕ್ 3 ಬಗ್ಗೆಯೂ ಕೇಳುತ್ತಾರೆ. ಭಾರತದಲ್ಲೇ ತಯಾರಾದ ಸರಳ ಕ್ಯಾಮೆರಾ ಅದು. 120 ಅನ್ನುವ ಅಗಲದ ರೋಲ್ ಫಿಲ್ಮ್ ಹಾಕಿದರೆ ಹನ್ನೆರಡು ಚೌಕ ಫೋಟೋ ಬರುತ್ತವೆ. ಮಾರಿದರೆ ಹೆಚ್ಚು ಸಿಗದು. ಆದರೆ ಆ ಫಿಲ್ಮ್ ಈಗಲೂ ಸಿಗುತ್ತದೆ, ದಯವಿಟ್ಟು ಬಿಸಾಡಬೇಡಿ.

ಹಳೆಯ ಕೈ ಫೋಕಸ್ ಲೆನ್ಸ್‌ಗಳನ್ನು ಡಿಜಿಟಲ್‌ನಲ್ಲಿ ಬಳಸಲು ಮಿರರ್‌ಲೆಸ್ ಬಾಡಿಯೇ ಸರಿ. ಲೆನ್ಸ್ ಮತ್ತು ಸೆನ್ಸರ್ ನಡುವಿನ ದೂರ ಅದರಲ್ಲಿ ತುಂಬಾ ಕಮ್ಮಿ. ಹಾಗಾಗಿ ಸೋವಿಯತ್ ಕಾಲದ ಹೀಲಿಯೋಸ್ 44-2 ಆಗಲಿ, ಪೆಂಟಾಕ್ಸ್‌ನ ಟಾಕುಮಾರ್ ಆಗಲಿ, ಸಾದಾ ಅಡಾಪ್ಟರ್ ಸಾಕು. ಎಷ್ಟೋ ಬಾಡಿಗಳಲ್ಲಿ ಮೆನುವಿನ "ಲೆನ್ಸ್ ಇಲ್ಲದೆ ಶಟರ್" ಅನ್ನುವ ಅರ್ಥದ ಆಯ್ಕೆಯನ್ನು ಆನ್ ಮಾಡಬೇಕು, ಇಲ್ಲದಿದ್ದರೆ ಕ್ಯಾಮೆರಾ ಫೋಟೋ ತೆಗೆಯುವುದಿಲ್ಲ. 50 ಎಂಎಂ ಎಫ್ 1.4 ಟಾಕುಮಾರ್‌ನ ಕೆಲವು ಆವೃತ್ತಿಗಳಲ್ಲಿ ಥೋರಿಯಂ ಬೆರೆಸಿದ ಗಾಜಿದೆ, ವರ್ಷ ಕಳೆದಂತೆ ಹಳದಿಯಾಗುತ್ತದೆ. ಅದು ಫಂಗಸ್ಸೂ ಅಲ್ಲ, ಕೊಳೆಯೂ ಅಲ್ಲ. ನೇರಳಾತೀತ ಬೆಳಕಿನಲ್ಲಿ ಕೆಲವು ದಿನ ಇಟ್ಟರೆ ಹಳದಿ ಕಮ್ಮಿಯಾಗುತ್ತದೆ.

ಹಂತ 9: ಮಾರುವಾಗ

ಬಾಡಿ, ಲೆನ್ಸ್ ಬೇರೆ ಬೇರೆ ಮಾರಿ, ಒಟ್ಟು ಹಣ ಜಾಸ್ತಿ ಬರುತ್ತದೆ. ಬಾಡಿ ಬಳಸುತ್ತಿಲ್ಲ ಅಂತಾದರೆ ಇವತ್ತೇ ಮಾರಿ, ಕಾದಷ್ಟೂ ನಷ್ಟ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಫೋಟೋಗ್ರಾಫರ್‌ಗಳು ಖರ್ಚು ಬಿಗಿ ಹಿಡಿಯುತ್ತಾರೆ. ಮದುವೆ ಸೀಸನ್ ಶುರುವಾಗುವ ಮುಂಚೆ ಜಾಹೀರಾತು ಹಾಕಿದರೆ ಬೇಗ ಹೋಗುತ್ತದೆ. ಕೊಳ್ಳುವವರಿಗೆ ಇದೇ ಲೆಕ್ಕ ತಿರುಗುಮುರುಗು.

ಫೋಟೋಗಳನ್ನು ಕಿಟಕಿ ಬೆಳಕಿನಲ್ಲಿ ತೆಗೆಯಿರಿ. ಗೀರು, ನೆಗ್ಗು ಇದ್ದರೆ ಅದನ್ನೇ ಹತ್ತಿರದಿಂದ ತೋರಿಸಿ. ಟಾರ್ಚ್ ಬಿಟ್ಟು ತೆಗೆದ ಲೆನ್ಸ್ ಫೋಟೋ ಹಾಕಿದರೆ ತಿಳಿದವರು ಸುಮ್ನೆ ಚೌಕಾಸಿ ಮಾಡದೆ ಬರುತ್ತಾರೆ. ಸೀರಿಯಲ್ ನಂಬರ್‌ನ ಕೊನೆಯ ಅಂಕೆಗಳನ್ನು ಮರೆಮಾಡಿ. ಇಲ್ಲದಿದ್ದರೆ ನಿಮ್ಮ ಫೋಟೋ ಇಟ್ಟುಕೊಂಡು ಬೇರೆಯವರು ಮಾರಲು ಹೊರಡುತ್ತಾರೆ.

ಹಣ ಬರಲು ಯುಪಿಐ ಪಿನ್ ಹಾಕುವ ಅಗತ್ಯ ಯಾವತ್ತೂ ಇಲ್ಲ. "ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ" ಅಂದರೆ ಅದು ನಿಮ್ಮ ಖಾತೆಯಿಂದ ಹೋಗುವ ದುಡ್ಡು. ಪಾವತಿ ಆಯಿತು ಅನ್ನುವ ಸ್ಕ್ರೀನ್‌ಶಾಟ್, ಎಸ್‌ಎಂಎಸ್ ಎರಡನ್ನೂ ನಂಬಬೇಡಿ. ಬ್ಯಾಂಕಿನ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿದ ಮೇಲೆ ಮಾತ್ರ ಕ್ಯಾಮೆರಾ ಕೈ ಬದಲಾಗಲಿ.

ಕೊಡುವ ಮುಂಚೆ ಕಾರ್ಡ್ ತೆಗೆದುಕೊಳ್ಳಿ. ಮೆನುವಿನಲ್ಲಿ ನಿಮ್ಮ ಹೆಸರು, ಕಾಪಿರೈಟ್ ಮಾಹಿತಿ, ವೈಫೈ ಪಾಸ್‌ವರ್ಡ್ ಎಲ್ಲ ಅಳಿಸಿ. ಕ್ಯಾಮೆರಾ ರೀಸೆಟ್ ಮಾಡಿದರೂ ಕೆಲವು ಮಾಡೆಲ್‌ಗಳಲ್ಲಿ ಹೆಸರು ಉಳಿದುಕೊಳ್ಳುತ್ತದೆ, ಇನ್ನೊಮ್ಮೆ ತೆರೆದು ನೋಡಿ. ಆಮೇಲೆ ಒಂದು ಹಾಳೆಯಲ್ಲಿ ತಾರೀಕು, ಮಾಡೆಲ್, ಸೀರಿಯಲ್ ನಂಬರ್, ಬೆಲೆ, "ನೋಡಿ ಪರೀಕ್ಷಿಸಿ ಕೊಂಡಿದ್ದೇನೆ" ಅನ್ನುವ ಸಾಲು ಬರೆದು ಇಬ್ಬರೂ ಸಹಿ ಹಾಕಿ. ಅದರ ಒಂದು ಪ್ರತಿ ಅವರಿಗೆ ಕೊಡಿ, ಒಂದು ನಿಮ್ಮ ಹತ್ತಿರ ಇಟ್ಟುಕೊಳ್ಳಿ.